ಕಡತದ ವಿಳಾಸ: ಓರೆಗೆರೆಗಳ ಇತಿಹಾಸವೂ ಸಂಶೋಧಕನ ತೊಡಕೂ

ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಶಾಸನಗಳನ್ನು ಬಹುಮಟ್ಟಿಗೆ ತಾಲ್ಲೂಕುವಾರು ಎಣಿಸಿರುವುದು ಸುವಿದಿತವಾಗಿದೆ. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟನ್ನು ಕೊಟ್ಟರೆ ಮೈಸೂರಿನ ಓದುಗನೂ ಲಂಡನ್ನಿನ ಓದುಗನೂ ಒಂದೇ ಶಾಸನವನ್ನು ತಲಪುತ್ತಾರೆ. ಈಗ ಶಾಸನಗಳ ಛಾಯಾಚಿತ್ರಗಳು ಕಂಪ್ಯೂಟರಿನಲ್ಲಿ ಸಂಗ್ರಹವಾಗುತ್ತಿವೆ. ಸೂಚಿಯಲ್ಲಿ ಪ್ರತಿಯೊಂದು ಚಿತ್ರದ ಎದುರಿಗೂ ಅದರ ಪಥವನ್ನು, ಎಂದರೆ ಅದು ಯಾವ ಫೋಲ್ಡರಿನೊಳಗೆ ಯಾವ ಹೆಸರಿನಿಂದ ಇದೆಯೆಂಬುದನ್ನು, ದಾಖಲಿಸುವುದು ವಾಡಿಕೆ. ಆದರೆ ಒಂದು ಯಂತ್ರದಲ್ಲಿ ಸಿದ್ಧವಾದ ಸೂಚಿ ಇನ್ನೊಂದರಲ್ಲಿ ನಿರುಪಯುಕ್ತವಾಗುವುದುಂಟು. ಚಿತ್ರಗಳೆಲ್ಲ ಇದ್ದೂ ಇಲ್ಲದಂತಾಗುವ ಈ ಬೇಸರವನ್ನು ನಾವೂ ಕಂಡಿದ್ದೇವೆ. ಇದರ ಕಾರಣವನ್ನು ಇತಿಹಾಸದಲ್ಲಿಯೇ ಅರಸಬೇಕಾಗುತ್ತದೆ.

1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆಯು ಫೋಲ್ಡರುಗಳನ್ನು ಒಂದರೊಳಗೊಂದರಂತೆ ಜೋಡಿಸಿ, ಹೆಸರುಗಳ ನಡುವೆ > ಚಿಹ್ನೆಯನ್ನು ಇರಿಸಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ಅದರ ಬದಲಾಗಿ / ಎಂಬ ಓರೆಗೆರೆಯನ್ನು ಸ್ವೀಕರಿಸಿತು. ಮುಂದೆ ಲಿನಕ್ಸ್ ಇದೇ ಕ್ರಮವನ್ನು ಅನುಸರಿಸಿತು. 1981ರ ಮೊದಲ ಎಂ.ಎಸ್.-ಡಾಸ್‌ನಲ್ಲಾದರೋ ಒಳಫೋಲ್ಡರುಗಳೇ ಇರಲಿಲ್ಲ. ಆಜ್ಞೆಗಳಿಗೆ ವಿಶೇಷ ಸೂಚನೆಗಳನ್ನು ಸೇರಿಸಲು / ಚಿಹ್ನೆ ಅಲ್ಲಿ ಬಳಕೆಗೆ ಬಂದಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ, ಹಳೆಯ ಬಳಕೆಯನ್ನು ಕೆಡಿಸಲಾಗದೆ, \ ಎಂಬ ಹಿಮ್ಮುಖ ಓರೆಗೆರೆಯನ್ನು ಆರಿಸಲಾಯಿತು. ವಿಂಡೋಸ್ ಅದನ್ನೇ ಪಿತ್ರಾರ್ಜಿತವಾಗಿ ಪಡೆಯಿತು. ಮ್ಯಾಕಿಂಟಾಷಿನ ಹಳೆಯ ವ್ಯವಸ್ಥೆ ಇವೆರಡನ್ನೂ ಬಿಟ್ಟು : ಚಿಹ್ನೆಯನ್ನು ಬಳಸುತ್ತಿತ್ತು, 2001ರಲ್ಲಿ ಯುನಿಕ್ಸ್ ಆಧಾರದ ಮೇಲೆ ಹೊಸ ವ್ಯವಸ್ಥೆ ಬಂದ ಬಳಿಕ ಅಲ್ಲಿಯೂ / ನೆಲೆಗೊಂಡಿತು. ಹೀಗೆ ಇಂದಿನ ಭೇದವು ತತ್ತ್ವಭೇದವಲ್ಲ. ಹಳೆಯ ಬಳಕೆದಾರರಿಗೆ ತೊಂದರೆಯಾಗಬಾರದೆಂಬ ಎಚ್ಚರಿಕೆಯ ಫಲ.

ಭೇದವು ಗೆರೆಯ ದಿಕ್ಕಿಗಷ್ಟೇ ಸೀಮಿತವಲ್ಲ. ಸಿ ಮೊದಲಾದ ಕಂಪ್ಯೂಟರ್ ಭಾಷೆಗಳಲ್ಲಿ \ ಚಿಹ್ನೆಯ ಮುಂದೆ ಎನ್ ಅಕ್ಷರ ಬಂದರೆ ಹೊಸ ಸಾಲೆಂದು ಅರ್ಥ. ಆದುದರಿಂದ ವಿಂಡೋಸಿನ ಪಥವೊಂದು ಅಲ್ಲಿ ನಡುವೆಯೇ ಮುರಿದುಬೀಳಬಹುದು. ಲಿನಕ್ಸ್ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಬೇರೆಬೇರೆಯೆಂದು ಎಣಿಸಿದರೆ, ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ.

ಕನ್ನಡದ ಹೆಸರುಗಳಿಗೆ ಇನ್ನೊಂದು ಸೂಕ್ಷ್ಮವಾದ ತೊಡಕುಂಟು. 'ಕೋಲಾರ' ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕಿಂಟಾಷಿನಲ್ಲಿ 1998ರಲ್ಲಿ ಬಂದ ಎಚ್.ಎಫ್.ಎಸ್. ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್, ಲಿನಕ್ಸ್‌ಗಳು ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಪರಿಣಾಮವಾಗಿ, ಕಣ್ಣಿಗೆ ಅಭಿನ್ನವಾಗಿ ತೋರುವ ಎರಡು 'ಕೋಲಾರ'ಗಳು ಯಂತ್ರಕ್ಕೆ ಭಿನ್ನವಾಗಬಹುದು. ಓದುಗನು ಅಕ್ಷರವನ್ನು ಎಷ್ಟು ಸಲ ತಿದ್ದಿ ನೋಡಿದರೂ ತಪ್ಪು ಕಾಣದು.

ಪರಿಹಾರ ಕಷ್ಟಸಾಧ್ಯವೇನಲ್ಲ. ಸೂಚಿಯಲ್ಲಿ 'ಸಿ:' ಮುಂತಾದ ಡ್ರೈವಿನ ಹೆಸರನ್ನು ಬಿಟ್ಟು, ಸಂಗ್ರಹದ ಮುಖ್ಯ ಫೋಲ್ಡರಿನಿಂದ ಮುಂದಿನ ಪಥವನ್ನಷ್ಟೇ ಬರೆಯಬೇಕು. ಬೇರ್ಪಡಿಸುವ ಚಿಹ್ನೆ ಎಲ್ಲೆಡೆಯೂ / ಆಗಿರಲಿ. ವಿಂಡೋಸ್ ಸಹ ಬಹುಮಟ್ಟಿಗೆ ಅದನ್ನು ಅಂಗೀಕರಿಸುತ್ತದೆ. ಕಡತಗಳಿಗೆ ಇಂಗ್ಲಿಷಿನ ಚಿಕ್ಕಕ್ಷರ ಮತ್ತು ಅಂಕಿಗಳ ಕಿರುಹೆಸರನ್ನಿತ್ತು, ಊರು, ಅರಸು, ಕಾಲಗಳ ಕನ್ನಡ ವಿವರವನ್ನು ಸೂಚಿಯೊಳಗೆ ಪೂರ್ಣವಾಗಿ ಕೊಡುವುದು ಯುಕ್ತ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಚಿತ್ರಕ್ಕೂ ಪಥವನ್ನು ಅವಲಂಬಿಸದ ಒಂದು ಸ್ಥಿರ ಸಂಖ್ಯೆ ಇರತಕ್ಕದ್ದು. ಯಂತ್ರಗಳು ಬದಲಾಗುತ್ತವೆ, ಫೋಲ್ಡರುಗಳು ಸ್ಥಳಾಂತರಗೊಳ್ಳುತ್ತವೆ; ಸಂಖ್ಯೆ ನಿಂತರೆ ಉಲ್ಲೇಖ ನಿಲ್ಲುತ್ತದೆ. ಆಧಾರವನ್ನು ಮತ್ತೊಬ್ಬರು ಪರೀಕ್ಷಿಸಲಾಗದ ಇತಿಹಾಸ ಹೇಳಿಕೆಯಾಗಿಯೇ ಉಳಿಯುವುದರಿಂದ, ಸಂಗ್ರಹಕಾರ್ಯದ ಮೊದಲ ದಿನವೇ ಈ ನಿಯಮವನ್ನು ಕೈಕೊಳ್ಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.