ಖಾಲಿ ಗುಳಿಗೆ ಇಲ್ಲದೆ ಔಷಧ ಪರೀಕ್ಷೆ ಹೇಗೆ?

ಪ್ರಶ್ನೆ: ಟಿ.ಬಿ.ಗೆ ಹೊಸ ಚಿಕಿತ್ಸೆ ಪರೀಕ್ಷಿಸುವಾಗ ಅರ್ಧ ರೋಗಿಗಳಿಗೆ ಖಾಲಿ ಗುಳಿಗೆ ಕೊಡುತ್ತಾರಾ?
– ಓದುಗರೊಬ್ಬರು, ಸಿರವಾರ

ಉತ್ತರ: ಗುಣಪಡಿಸುವ ಔಷಧ ಕೈಯಲ್ಲಿರುವಾಗ ಹಾಗೆ ಮಾಡಿದರೆ ಅದು ಅನ್ಯಾಯ. ಹಾಗಾಗಿ ಚಾಲ್ತಿಯಲ್ಲಿರುವ ಚಿಕಿತ್ಸೆಯ ಎದುರೇ ಹೊಸದನ್ನು ನಿಲ್ಲಿಸುತ್ತಾರೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಪ್ರಯೋಗವನ್ನೇ ನೋಡಿ. ಬಡ ಕ್ಷಯರೋಗಿಗಳಲ್ಲಿ ಯಾರು ಆಗ ಚಾಲ್ತಿಯಲ್ಲಿದ್ದಂತೆ ಸ್ಯಾನಟೋರಿಯಂಗೆ (ಕ್ಷಯರೋಗಿಗಳ ಆಸ್ಪತ್ರೆಗೆ), ಯಾರು ಹೊಸ ಕ್ರಮದಂತೆ ಮನೆಯಲ್ಲೇ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಎರಡೂ ಗುಂಪಿಗೆ ವರ್ಷವಿಡೀ ಐಸೋನಿಯಜಿಡ್ ಮತ್ತು ಪಿಎಎಸ್ ಎಂಬ ಔಷಧಗಳು. ಕೊನೆಗೆ ರೋಗ ಹತೋಟಿಗೆ ಬಂದವರು ಸ್ಯಾನಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86.

ಇಷ್ಟು ಅಂತರ ಸಹಿಸಬಹುದೇ? ಇಂದಿನ ಪ್ರಯೋಗಗಳಲ್ಲಿ ಆ ಮಿತಿಯನ್ನು ಮೊದಲೇ ಬರೆದಿಡಬೇಕು. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯಲು ಬಿಟ್ಟರೆ ಸೋಲುವವರು ಯಾರು? ಮಿತಿಯನ್ನು ಅರ್ಧಕ್ಕೆ ಇಳಿಸಿದರೆ ರೋಗಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು; ಖರ್ಚು ಏರುವುದು ಇಲ್ಲೇ.

ಇನ್ನೊಂದು ಬಲೆಯಿದೆ. ಎರಡೂ ಗುಂಪಿನವರು ಗುಳಿಗೆ ತಪ್ಪಿಸಿದರೆ ಎರಡು ಚಿಕಿತ್ಸೆಗಳೂ ಸಮವೆಂದೇ ಕಾಣುತ್ತವೆ! ಅದಕ್ಕೇ ಎಲ್ಲರ ಲೆಕ್ಕದ ಜೊತೆಗೆ, ಸರಿಯಾಗಿ ನುಂಗಿದವರ ಲೆಕ್ಕವನ್ನೂ ಬೇರೆಯಾಗಿ ನೋಡುತ್ತಾರೆ. ಮದ್ರಾಸಿನವರು ಹೇಳದೆ ಕೇಳದೆ ಮನೆಗೆ ಹೋಗಿ ಗುಳಿಗೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಯನ್ನೂ ಮಾಡುತ್ತಿದ್ದರು.