ಸುಂಕದ ಕಟ್ಟೆಯೂ ಸರಕಿನ ಹೆಸರೂ

ಸಂಸ್ಕೃತದಲ್ಲಿ ‘ಘಟ್ಟಕುಟೀಪ್ರಭಾತ’ವೆಂಬ ಒಂದು ನ್ಯಾಯವುಂಟು. ಸುಂಕ ಕೊಡಲೊಲ್ಲದ ವರ್ತಕನೊಬ್ಬನು ಹೆದ್ದಾರಿಯನ್ನು ಬಿಟ್ಟು, ರಾತ್ರಿಯ ವೇಳೆಯಲ್ಲಿ ಅಡ್ಡದಾರಿ ಹಿಡಿದು ಬಂಡಿಯನ್ನು ಹೊಡೆದುಕೊಂಡು ಹೊರಟನಂತೆ. ಕತ್ತಲಲ್ಲಿ ದಾರಿ ತಪ್ಪಿ, ಸುತ್ತಿ ಸುತ್ತಿ, ಬೆಳಗಾಗುವ ಹೊತ್ತಿಗೆ ನೋಡಿದರೆ ಬಂಡಿಯು ಸುಂಕದ ಕಟ್ಟೆಯ ಮುಂದೆಯೇ ನಿಂತಿತ್ತು. ಈಗಿನ ದೇಶಾಂತರ ವ್ಯಾಪಾರದಲ್ಲಿ ಆ ಬಡಪಾಯಿಗೆ ಅಡ್ಡದಾರಿಯೂ ದೊರೆಯುತ್ತಿರಲಿಲ್ಲ. ಸರಕು ರೇವನ್ನು ಮುಟ್ಟುವುದಕ್ಕೆ ಮೊದಲೇ ಅದರ ವಿವರವು ಗಣಕಯಂತ್ರಗಳ ಮೂಲಕ ಕಟ್ಟೆಯನ್ನು ಮುಟ್ಟಿರುತ್ತದೆ. ಬಂಡಿಗಿಂತ ಮುಂಚೆ ಬಂಡಿಯ ಲೆಕ್ಕವೇ ಬಂದು ಕುಳಿತಿರುತ್ತದೆ. ಈ ಲೆಕ್ಕವನ್ನಿಡುವುದಕ್ಕೆಂದೇ ಹುಟ್ಟಿರುವ ಸಾಫ್ಟ್‌ವೇರ್‌ಗಳ ವಿಚಾರವನ್ನೂ, ಅವನ್ನು ನಡೆಯಿಸುವವರು ಅನುಸರಿಸತಕ್ಕ ಕ್ರಮವನ್ನೂ ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆದಿದೆ. ಇದು ಹಡಗಿನ ಸಾಹುಕಾರರ ವಿಷಯ, ನಮಗೇಕೆ ಎಂದು ವಾಚಕರು ಹಾಳೆ ಮಗುಚಬಾರದು. ನಮ್ಮ ಅಡಿಗೆಮನೆಯ ಮೆಣಸು, ಕೊಬ್ಬರಿ ಎಣ್ಣೆ, ಕಾಫಿ ಇವೆಲ್ಲವೂ ಈ ವ್ಯವಹಾರದಲ್ಲಿ ಸೇರಿವೆ.

ಹೊಸದೆಂದು ಕಾಣುವ ಈ ಲೆಕ್ಕದ ಮೂಲವು ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದಿದೆ. ಊರಬಾಗಿಲ ಬಳಿ ಧ್ವಜ ನೆಟ್ಟ ಶುಲ್ಕಶಾಲೆ. ಅಲ್ಲಿ ನಾಲ್ಕೈದು ಮಂದಿ ಕುಳಿತು, ಬಂದ ವರ್ತಕರು ಯಾರು, ಎಲ್ಲಿಯವರು, ತಂದ ಸರಕೆಷ್ಟು, ಅದಕ್ಕೆ ಮುದ್ರೆ ಬಿದ್ದುದೆಲ್ಲಿ ಎಂಬುದನ್ನು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡರಷ್ಟು ದಂಡ; ಕಳ್ಳಮುದ್ರೆಯಾದರೆ ಎಂಟರಷ್ಟು. ಎಸ್.ಎ.ಪಿ., ಒರೇಕಲ್ ಮುಂತಾದ ಕಂಪೆನಿಗಳು ಇಂದು ಮಾರುತ್ತಿರುವ ವ್ಯಾಪಾರದ ಸಾಫ್ಟ್‌ವೇರ್‌ಗಳು ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ. ಯಾರು, ಎಲ್ಲಿಂದ, ಎಷ್ಟು, ಪ್ರಮಾಣವೇನು? ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿದೆ: ಈ ವಸ್ತುವಿನ ಹೆಸರೇನು? ನನ್ನ ತಿಳಿವಳಿಕೆಯಲ್ಲಿ ಇದೇ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ.

ಹೆಸರು ಹೇಳುವುದರಲ್ಲಿ ಕಷ್ಟವೇನು, ಮೆಣಸೆಂದರೆ ಮೆಣಸು ಎನ್ನಬಹುದು. ಆದರೆ ಮಂಗಳೂರಿನಲ್ಲಿ ಮೆಣಸೆಂದು ಬರೆದುದನ್ನು ಹ್ಯಾಂಬರ್ಗಿನ ಅಧಿಕಾರಿಯೂ ಯೊಕೊಹಾಮದ ಅಧಿಕಾರಿಯೂ ಒಂದೇ ರೀತಿಯಾಗಿ ತಿಳಿಯಬೇಕಲ್ಲ! ಅದಕ್ಕೋಸ್ಕರ ಬ್ರಸೆಲ್ಸ್ ನಗರದಲ್ಲಿರುವ ವಿಶ್ವ ಸುಂಕ ಸಂಸ್ಥೆಯವರು ‘ಹಾರ್ಮೊನೈಸ್ಡ್ ಸಿಸ್ಟಂ’ ಎಂಬ ಒಂದು ನಾಮಾವಳಿಯನ್ನು ಸಿದ್ಧಪಡಿಸಿ, ಅದು ೧೯೮೮ರ ಜನವರಿಯಿಂದ ಜಾರಿಗೆ ಬಂದಿತು. ಲೋಕದಲ್ಲಿ ಕೊಳ್ಳುವ ಮಾರುವ ವಸ್ತುಗಳೆಲ್ಲವನ್ನೂ ಐದು ಸಾವಿರಕ್ಕೂ ಹೆಚ್ಚು ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಆರು ಅಂಕಿಗಳ ಹೆಸರನ್ನಿಟ್ಟಿದ್ದಾರೆ. ಭಾರತದವರು ಅದಕ್ಕೆ ಇನ್ನೆರಡು ಅಂಕಿಗಳನ್ನು ಸೇರಿಸಿ ಎಂಟು ಮಾಡಿಕೊಂಡಿದ್ದಾರೆ. ಇಡಿಯ ಕರಿಮೆಣಸು ೦೯೦೪.೧೧, ಅದನ್ನೇ ಒರಳಿನಲ್ಲಿ ಹಾಕಿ ಕುಟ್ಟಿದರೆ ೦೯೦೪.೧೨. ಹುರಿಯದ ಕಾಫಿಬೀಜಕ್ಕೆ ೦೯೦೧.೧೧, ಹುರಿದರೆ ೦೯೦೧.೨೧, ಅದರ ಸಾರವನ್ನು ತೆಗೆದು, ನೀರಿನಲ್ಲಿ ಕರಗುವ ಪುಡಿ ಮಾಡಿದರೆ ಒಂಬತ್ತನೆಯ ಅಧ್ಯಾಯವನ್ನೇ ಬಿಟ್ಟು ಇಪ್ಪತ್ತೊಂದನೆಯ ಅಧ್ಯಾಯಕ್ಕೆ ಹೋಗಿಬಿಡುತ್ತದೆ. ಸಂಸ್ಕಾರವಾದೊಡನೆ ನಾಮಾಂತರವಾಗುವುದು ಮನುಷ್ಯರಿಗೆ ಮಾತ್ರವೆಂದು ನಾವು ತಿಳಿದಿದ್ದೆವು.

ಒಂದೇ ವಸ್ತುವಿಗೆ ಎರಡು ಹೆಸರುಗಳು ಹೊಂದುವಂತಿದ್ದರೆ ಮಾಡುವುದೇನು? ಇದಕ್ಕಾಗಿ ಆ ನಾಮಾವಳಿಯ ಮೊದಲಿನಲ್ಲಿಯೇ ಆರು ಸೂತ್ರಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಮೂರನೆಯದನ್ನು ಓದಿದಾಗ ಎಳೆಯ ವಯಸ್ಸಿನಲ್ಲಿ ವ್ಯಾಕರಣ ಕಲಿತವರಿಗೆ ನಗುವೂ ಸಂತೋಷವೂ ಒಟ್ಟಿಗೆ ಬರುವುವು. ಸಾಮಾನ್ಯವಾದ ಹೆಸರಿಗಿಂತ ವಿಶೇಷವಾದ ಹೆಸರು ಬಲವತ್ತರವೆಂದು ಅದು ಮೊದಲು ಹೇಳುತ್ತದೆ. ಉತ್ಸರ್ಗವನ್ನು ಅಪವಾದವು ಬಾಧಿಸುವುದೆಂದು ನಮ್ಮ ಗುರುಗಳು ಹೇಳಿಕೊಟ್ಟುದೂ ಇದನ್ನೇ. ಅದರಿಂದಲೂ ತೀರದಿದ್ದರೆ, ಹಲವು ಜಿನಸುಗಳು ಕೂಡಿದ ವಸ್ತುವಿಗೆ ಅದರ ಮುಖ್ಯ ಸ್ವಭಾವ ಯಾವುದರಿಂದ ಬಂದಿದೆಯೋ ಅದರ ಹೆಸರು. ಅದರಿಂದಲೂ ತೀರದಿದ್ದರೆ, ಸಮಾನ ಬಲವುಳ್ಳ ಶೀರ್ಷಿಕೆಗಳಲ್ಲಿ ಅಂಕಿಯ ಕ್ರಮದಲ್ಲಿ ಯಾವುದು ಕೊನೆಗೆ ಬರುವುದೋ ಅದೇ ಗ್ರಾಹ್ಯವೆಂದು ಕೈತೊಳೆದುಕೊಂಡಿದ್ದಾರೆ. ಸಮಬಲದ ಎರಡು ಸೂತ್ರಗಳಿಗೆ ವಿರೋಧ ಬಂದಾಗ ಪರಸೂತ್ರವೇ ನಿಲ್ಲತಕ್ಕದ್ದೆಂದು ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿಯೇ ವಿಧಿಸಿರುವನು. ಬ್ರಸೆಲ್ಸಿನ ಪಂಡಿತರು ಪಾಣಿನಿಯನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಹೆಸರುಗಳ ರಾಶಿಯನ್ನು ಕ್ರಮಪಡಿಸಹೊರಟವರು ಯಾವ ದೇಶದಲ್ಲಿಯೇ ಆಗಲಿ ಒಂದೇ ತೊಡಕಿಗೆ ಸಿಕ್ಕಿ ಒಂದೇ ಉಪಾಯವನ್ನು ಕಂಡುಕೊಳ್ಳುತ್ತಾರೆ.

ಹೀಗೆಲ್ಲ ಇದ್ದರೂ ವ್ಯಾಜ್ಯಗಳು ತಪ್ಪಿಲ್ಲ. ತರಕಾರಿಗೆ ಸುಂಕವುಂಟು, ಹಣ್ಣಿಗಿಲ್ಲ ಎಂಬ ಕಾಯಿದೆಯಿದ್ದ ಅಮೆರಿಕದಲ್ಲಿ ಟೊಮೇಟೊ ಹಣ್ಣೋ ತರಕಾರಿಯೋ ಎಂಬ ಮೊಕದ್ದಮೆಯು ಶ್ರೇಷ್ಠ ನ್ಯಾಯಾಲಯದವರೆಗೆ ಹೋಗಿ, ಊಟದೊಡನೆ ಬಡಿಸುವ ಪದಾರ್ಥವಾದುದರಿಂದ ಅದು ತರಕಾರಿಯೇ ಎಂದು ೧೮೯೩ರಲ್ಲಿ ತೀರ್ಪಾಯಿತು. ನಮ್ಮ ದೇಶದೊಳಗಿನ ತೆರಿಗೆಗಳಿಗೂ ಇದೇ ಬಗೆಯ ನಾಮಾವಳಿಯೇ ಆಧಾರವಾಗಿರುವುದರಿಂದ ಇಲ್ಲಿಯೂ ಅಂತಹ ವಿವಾದಗಳಿಗೆ ಬರಗಾಲವಿಲ್ಲ. ಸಣ್ಣ ಸೀಸೆಯಲ್ಲಿ ತುಂಬಿದ ಕೊಬ್ಬರಿ ಎಣ್ಣೆಯು ಅಡಿಗೆಯ ಎಣ್ಣೆಯೋ ತಲೆಗೂದಲ ಎಣ್ಣೆಯೋ ಎಂಬ ಪ್ರಶ್ನೆಯಲ್ಲಿ ೨೦೧೮ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಅಭಿಪ್ರಾಯಭೇದವಾಯಿತು. ಕಡೆಗೆ ೨೦೨೪ರ ಡಿಸೆಂಬರಿನಲ್ಲಿ ಮೂವರು ಕುಳಿತು, ಸೀಸೆ ಸಣ್ಣದೆಂಬ ಮಾತ್ರಕ್ಕೆ ಅದು ಕೂದಲೆಣ್ಣೆಯಾಗದು ಎಂದು ಹೇಳಿದರು. ಕರಾವಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಒಂದೇ ಡಬ್ಬಿಯಿಂದ ಎರಡು ಕೆಲಸವನ್ನೂ ಮಾಡಿ ತೋರಿಸುತ್ತಿದ್ದಳು! ಪರೋಟವು ರೊಟ್ಟಿಯ ಜಾತಿಗೆ ಸೇರದೆಂದು ೨೦೨೦ರಲ್ಲಿ ಕರ್ನಾಟಕದ ತೆರಿಗೆಯ ಪ್ರಾಧಿಕಾರವು ಹೇಳಿದಾಗ ರೊಟ್ಟಿಗೆ ನೂರಕ್ಕೆ ೫, ಪರೋಟಕ್ಕೆ ೧೮ ಆಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಎರಡರ ತೆರಿಗೆಯನ್ನೂ ತೆಗೆದುಹಾಕಿದ ಮೇಲೆ ಆ ಜಾತಿನಿರ್ಣಯದ ಕಾವು ಆರಿತು.

ಇಂತಹ ಕಡೆಯಲ್ಲಿ ಸಾಫ್ಟ್‌ವೇರ್ ಮಾಡುವುದೇನೆಂದರೆ, ಒಂದು ಸಲ ವಿಚಾರಮಾಡಿ ನಿಶ್ಚಯಿಸಿದ ಹೆಸರನ್ನು ನೆನಪಿಟ್ಟುಕೊಂಡು, ಇನ್‌ವಾಯ್ಸು, ಪ್ಯಾಕಿಂಗ್ ಪಟ್ಟಿ, ಷಿಪ್ಪಿಂಗ್ ಬಿಲ್ಲು, ಮೂಲದೇಶದ ಪ್ರಮಾಣಪತ್ರ ಇವೆಲ್ಲದರಲ್ಲಿಯೂ ಅದನ್ನೇ ತಪ್ಪದೆ ತುಂಬುವುದು. ಎಲ್ಲಿಯಾದರೂ ತೂಕವೋ ಹೆಸರೋ ಒಂದಕ್ಕೊಂದು ಹೊಂದದಿದ್ದರೆ ಎಚ್ಚರಿಸುವುದು. ಆ ಹೆಸರಿಗೆ ಯಾವ ದೇಶದಲ್ಲಿ ಎಷ್ಟು ಸುಂಕ, ಯಾವ ಅನುಮತಿ ಬೇಕು ಎಂಬುದನ್ನು ಹುಡುಕಿಕೊಡುವುದು. ನಿಶ್ಚಯವು ಮಾತ್ರ ಮನುಷ್ಯನದು. ೨೦೧೧ರಿಂದ ಭಾರತದ ಸುಂಕದ ಕಾಯಿದೆಯಂತೆ ಸರಕಿನ ಹೆಸರನ್ನೂ ಬೆಲೆಯನ್ನೂ ಸುಂಕವನ್ನೂ ವರ್ತಕನೇ ನಿರ್ಣಯಿಸಿ ಘೋಷಿಸಬೇಕು. ಅಧಿಕಾರಿಯು ಪರೀಕ್ಷಿಸುವವನು ಮಾತ್ರ. ‘ಐಸ್‌ಗೇಟ್’ ಎಂಬ ಸರ್ಕಾರದ ಗಣಕದ್ವಾರದಲ್ಲಿ ಈ ಘೋಷಣೆಯನ್ನು ಸಲ್ಲಿಸುತ್ತಾರೆ. ಯಂತ್ರವೇ ಹೀಗೆ ತೋರಿಸಿತೆಂದು ಆಮೇಲೆ ಅಳುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಸರಿ.

ಆದಕಾರಣ ಈ ಕಸುಬಿನಲ್ಲಿ ಪಳಗಿದವರು ಕೆಲವು ನಡಾವಳಿಗಳನ್ನು ಬೆಳೆಸಿಕೊಂಡಿದ್ದಾರೆ. ಇವಕ್ಕೆ ‘ಬೆಸ್ಟ್ ಪ್ರಾಕ್ಟೀಸ್’ ಎಂದು ಹೆಸರು. ತಿಳಿದವರು ನಡೆದುಕೊಳ್ಳುವ ರೀತಿಯೆಂಬ ಅರ್ಥದಲ್ಲಿ ನಮ್ಮ ಹಿರಿಯರು ಶಿಷ್ಟಾಚಾರವೆಂದುದೂ ಇದೇ. ಹೆಸರನ್ನು ಸರಕು ಹೊರಟ ಮೇಲಲ್ಲ, ಆರ್ಡರು ಬಂದಾಗಲೇ ನಿಶ್ಚಯಿಸಬೇಕು. ಏಕೆ ಹಾಗೆ ನಿಶ್ಚಯಿಸಿದೆವೆಂಬ ಕಾರಣವನ್ನು ಪಕ್ಕದಲ್ಲಿ ಬರೆದಿಡಬೇಕು. ಒಂದು ಸಂಗತಿಯನ್ನು ಒಂದೇ ಕಡೆ ಒಂದೇ ಸಲ ಬರೆದು, ಉಳಿದೆಡೆಗಳಿಗೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಬೇಕು. ನಾಮಾವಳಿಯು ಕೆಲವು ವರ್ಷಗಳಿಗೊಮ್ಮೆ ಪರಿಷ್ಕಾರವಾಗುತ್ತದೆ, ೨೦೧೭ರಲ್ಲಿ ಒಮ್ಮೆ, ೨೦೨೨ರಲ್ಲಿ ಒಮ್ಮೆ ಹೀಗಾಯಿತು; ಆಗೆಲ್ಲ ಹಳೆಯ ಅಂಕಿಗಳನ್ನು ಮರುಪರೀಕ್ಷೆ ಮಾಡಬೇಕು. ದಾರಿಯಲ್ಲಿ ಸರಕು ಹಾಳಾದರೆ ನಷ್ಟ ಯಾರದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯವರು ೧೯೩೬ರಿಂದಲೂ ‘ಇನ್‌ಕೋಟರ್ಮ್ಸ್’ ಎಂಬ ಸಂಕೇತಗಳನ್ನು ಪ್ರಕಟಿಸುತ್ತಿದ್ದಾರೆ.

ವರ್ತಕನ ಹೆಸರಿನ ವಿಚಾರವೂ ಇಂತಹುದೇ. ವಿಶ್ವಸಂಸ್ಥೆಯೂ ಬೇರೆ ಬೇರೆ ಸರ್ಕಾರಗಳೂ ಯಾರೊಡನೆ ವ್ಯವಹರಿಸಕೂಡದೆಂದು ಪಟ್ಟಿಗಳನ್ನು ಪ್ರಕಟಿಸುತ್ತವೆ. ಕೊಳ್ಳುವವನ ಹೆಸರನ್ನು ಸಾಫ್ಟ್‌ವೇರ್ ಆ ಪಟ್ಟಿಗಳೊಡನೆ ಹೋಲಿಸಿ ನೋಡುತ್ತದೆ. ಆದರೆ ರೋಮನ್ ಲಿಪಿಯಲ್ಲಿ ಲಕ್ಷ್ಮಿಯ ‘ಕ್ಷ’ಕಾರಕ್ಕೆ ಒಬ್ಬರು ಮೂರು ಅಕ್ಷರಗಳನ್ನು ಬಳಸಿದರೆ, ಇನ್ನೊಬ್ಬರು ಎಕ್ಸ್ ಎಂಬ ಒಂದೇ ಅಕ್ಷರದಿಂದ ಮುಗಿಸುತ್ತಾರೆ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ನನಗೆ ಆ ಯಂತ್ರದ ಮೇಲೆ ಕನಿಕರವೇ ಹೊರತು ಕೋಪವಿಲ್ಲ. ಅಕ್ಷರ ಸರಿಯಾಗಿ ಕೂಡಿದರೆ ಮಾತ್ರ ಹಿಡಿಯುವೆನೆಂದರೆ ಕಳ್ಳನು ತಪ್ಪಿಸಿಕೊಳ್ಳುತ್ತಾನೆ. ಹತ್ತಿರವಿದ್ದರೆ ಸಾಕೆಂದರೆ ಸಭ್ಯನ ಸರಕು ರೇವಿನಲ್ಲಿ ನಿಲ್ಲುತ್ತದೆ. ಆಗ ಮನುಷ್ಯನೊಬ್ಬನು ಕುಳಿತು ವಿಳಾಸವನ್ನೂ ಊರನ್ನೂ ನೋಡಿ ಇವನು ಅವನಲ್ಲವೆಂದು ಬರೆಯಬೇಕಾಗುತ್ತದೆ.

ಇಷ್ಟು ಮಂದಿ ಇಷ್ಟು ಪತ್ರಗಳನ್ನು ಬೇರೆ ಬೇರೆಯಾಗಿ ಬರೆಯುವ ಬದಲು ಎಲ್ಲರೂ ಒಂದೇ ಪುಸ್ತಕದಲ್ಲಿ ಬರೆದರಾಗದೆ? ಈ ಆಲೋಚನೆಯಿಂದ ಡೆನ್ಮಾರ್ಕಿನ ಮೇರ್ಸ್ಕ್ ಹಡಗಿನ ಕಂಪೆನಿಯೂ ಅಮೆರಿಕದ ಐ.ಬಿ.ಎಂ. ಕಂಪೆನಿಯೂ ಕೂಡಿ ೨೦೧೮ರಲ್ಲಿ ‘ಟ್ರೇಡ್‌ಲೆನ್ಸ್’ ಎಂಬುದನ್ನು ತೆರೆದವು. ಹಡಗಿನವರು, ರೇವಿನವರು, ಸುಂಕದವರು ಅನೇಕರು ಸೇರಿದರು. ಯಂತ್ರವು ಕೆಡಲಿಲ್ಲ. ಆದರೂ ೨೦೨೨ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿ, ಮಾರನೆಯ ವರ್ಷದ ಮೊದಲ ಭಾಗದಲ್ಲಿ ಮುಚ್ಚಿದರು. ಲೋಕದ ವ್ಯಾಪಾರಿಗಳೆಲ್ಲರ ಸಂಪೂರ್ಣ ಸಹಕಾರ ದೊರೆಯಲಿಲ್ಲವೆಂಬುದೇ ಅವರು ಕೊಟ್ಟ ಕಾರಣ. ಎದುರಂಗಡಿಯವನ ಪುಸ್ತಕದಲ್ಲಿ ತನ್ನ ಲೆಕ್ಕ ಬರೆಯಲು ಯಾವ ಶೆಟ್ಟರು ಒಪ್ಪಿಯಾರು ಎಂಬುದನ್ನು ನಮ್ಮ ಸಂತೆಪೇಟೆಯಲ್ಲಿ ವಿಚಾರಿಸಿದ್ದರೂ ತಿಳಿಯುತ್ತಿತ್ತು.

ಪತ್ರಗಳು ಸುಗಮವಾಗಿ ಸಾಗುವುದು ಒಂದು ಸಂಗತಿ. ಅವುಗಳಲ್ಲಿ ಬರೆದಿರುವುದು ಯಥಾರ್ಥವಾಗಿರುವುದು ಇನ್ನೊಂದು. ಈ ಎರಡನೆಯದರ ಭಾರವು ಈಗ ನಮ್ಮ ಮಲೆನಾಡಿನ ತೋಟಗಳವರೆಗೆ ಬಂದಿದೆ. ಭಾರತದ ಕಾಫಿಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯಲ್ಲಿ. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿ ಮೊದಲಾದ ಯೂರೋಪಿನ ದೇಶಗಳು ಮುಖ್ಯವಾದುವು. ೨೦೨೦ರ ಡಿಸೆಂಬರ್ ೩೧ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರು ಮುಂತಾದುವು ತಮ್ಮಲ್ಲಿಗೆ ಬರಕೂಡದೆಂದು ಯೂರೋಪಿಯನ್ ಒಕ್ಕೂಟದವರು ೨೦೨೩ರಲ್ಲಿ ಒಂದು ಶಾಸನವನ್ನು ಮಾಡಿದರು. ಅದರಂತೆ, ಪ್ರತಿಯೊಂದು ಸರಕಿನೊಡನೆ ಅದು ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶಗಳು ದಶಮಾಂಶದ ಆರು ಸ್ಥಾನಗಳವರೆಗೆ ಹೋಗಬೇಕು. ನಾಲ್ಕು ಹೆಕ್ಟೇರಿಗೆ ಮೇಲ್ಪಟ್ಟ ತೋಟವಾದರೆ ಒಂದು ಬಿಂದು ಸಾಲದು, ಸುತ್ತಿನ ಎಲ್ಲೆಯನ್ನೇ ಗುರುತಿಸಿ ಕೊಡಬೇಕು. ಮೊದಲು ೨೦೨೪ರ ಕೊನೆಗೆಂದಿದ್ದುದನ್ನು ಎರಡು ಸಲ ಮುಂದೂಡಿ, ೨೦೨೫ರ ಡಿಸೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ ದೊಡ್ಡ, ಮಧ್ಯಮ ವ್ಯಾಪಾರಿಗಳಿಗೆ ೨೦೨೬ರ ಡಿಸೆಂಬರ್ ೩೦, ಅತಿ ಸಣ್ಣವರಿಗೆ ೨೦೨೭ರ ಜೂನ್ ೩೦ ಎಂದು ಗೊತ್ತುಮಾಡಿದರು. ೨೦೨೫ರ ಮೇ ತಿಂಗಳಿನಲ್ಲಿ ಭಾರತವನ್ನು ಅಪಾಯ ಕಡಮೆಯಾದ ದೇಶಗಳ ಸಾಲಿಗೆ ಸೇರಿಸಿದರು. ಆದರೂ ನೆಲದ ಗುರುತು ಕೊಡುವುದು ತಪ್ಪಲಿಲ್ಲ.

ಕಾಡನ್ನುಳಿಸಬೇಕೆಂಬ ಉದ್ದೇಶವನ್ನು ಯಾರು ಆಕ್ಷೇಪಿಸಿಯಾರು? ನಮ್ಮ ಕಾಫಿಯಾದರೋ ದೊಡ್ಡ ಮರಗಳ ನೆರಳಿನಲ್ಲಿಯೇ ಬೆಳೆಯತಕ್ಕದ್ದು. ವಿಚಿತ್ರವೇನೆಂದರೆ, ಆಕಾಶದಿಂದ ನೋಡುವ ಉಪಗ್ರಹದ ಕಣ್ಣಿಗೆ ನೆರಳಿನ ತೋಟಕ್ಕೂ ಕಾಡಿಗೂ ಭೇದ ತಿಳಿಯುವುದು ಕಷ್ಟ. ಕಾಡೆಂದು ಒಮ್ಮೆ ಬರೆದುಕೊಂಡ ತೋಟದಲ್ಲಿ ಬೆಳೆಗಾರನು ಕ್ರಮದಂತೆ ನೆರಳನ್ನು ಬಿಡಿಸಿದರೆ, ಕಾಡು ಕಡಿದನೆಂದು ತೋರಬಹುದು. ಅದನ್ನು ಅಲ್ಲವೆನ್ನಬೇಕಾದರೆ ನೆಲದ ಮೇಲಿನ ದಾಖಲೆ ಬೇಕು. ಇದಲ್ಲದೆ, ನೂರಾರು ಮನೆಗಳ ಕಾಫಿಯು ಊರಿನ ವ್ಯಾಪಾರಿಯ ಕೈಯಿಂದ ಕ್ಯೂರಿಂಗ್ ವರ್ಕ್ಸಿಗೆ ಹೋಗಿ ಅಲ್ಲಿ ಕೂಡಿಬಿಡುತ್ತದೆ. ಗುರುತಿಲ್ಲದ ನಾಲ್ಕು ಮೂಟೆಗಳು ಗುರುತುಳ್ಳ ನಾನೂರು ಮೂಟೆಗಳೊಡನೆ ಬೆರೆತರೆ, ಶಾಸನದ ದೃಷ್ಟಿಯಲ್ಲಿ ಅಷ್ಟೂ ಗುರುತಿಲ್ಲದುದೇ. ಆದುದರಿಂದ ವ್ಯಾಪಾರಿಯು ಗುರುತಿಲ್ಲದ ಮೂಟೆಯನ್ನು ಬೇಡವೆನ್ನುವನು, ಇಲ್ಲವೆ ಬೆಲೆ ಇಳಿಸಿ ಕೇಳುವನು. ದೊಡ್ಡ ಎಸ್ಟೇಟಿನವರಿಗೆ ಗುಮಾಸ್ತರಿದ್ದಾರೆ, ನಕ್ಷೆಯಿದೆ. ಮೂರು ಎಕರೆಯವನಿಗೆ ಮಗನ ಮೊಬೈಲು ಒಂದೇ ಆಧಾರ.

ಮೊಬೈಲಿನಲ್ಲಿ ಬಿಂದುವನ್ನು ಗುರುತಿಸುವುದು ಐದು ನಿಮಿಷದ ಕೆಲಸ. ಆ ಬಿಂದು ಯಾರದೆಂಬಲ್ಲಿ ತೊಡಕು. ಬೆಳೆಯು ಆಯಾ ದೇಶದ ಭೂಮಿಯ ಕಾನೂನಿಗನುಸಾರವಾಗಿ ಬೆಳೆದುದಾಗಿರಬೇಕೆಂದೂ ಆ ಶಾಸನವು ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇದೆ. ಕೊಡಗಿನ ಜಮ್ಮಾ ಬಾಣೆಗಳ ದಾಖಲೆಯಲ್ಲಿ ಹಿಂದಿನ ಕಾಲದ ಪಟ್ಟೇದಾರನ ಹೆಸರೇ ಉಳಿದಿರುವುದುಂಟು. ಅಣ್ಣತಮ್ಮಂದಿರು ಬಾಯಿಮಾತಿನ ಮೇಲೆ ತೋಟವನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಮಾರುವುದೂ ಉಂಟು. ಪೌತಿ ಖಾತೆಯ ಅರ್ಜಿ ಕೊಡದೆ ಇಪ್ಪತ್ತು ವರ್ಷ ಕಳೆದವರು ಮನೆಯಲ್ಲಿದ್ದರೆ, ಮೊದಲು ಅವರು ನಾಡಕಚೇರಿಗೆ ಹೋಗಿಬರಲಿ. ೨೦೨೬ರ ಡಿಸೆಂಬರ್ ಕೊನೆಯೆಂದರೆ ಕೊಯ್ಲಿನ ನಡುಗಾಲ. ಅರೇಬಿಕಾ ಕಣದಲ್ಲಿ ಒಣಗುತ್ತಿರುತ್ತದೆ, ರೊಬಸ್ಟಾ ಇನ್ನೂ ಗಿಡದ ಮೇಲಿರುತ್ತದೆ.