ಮಕ್ಕಳ ನೋವಿಗೆ ಅಳತೆಯುಂಟೆ?

ಉಣಕಲ್ಲಿನ ಕೆರೆಯ ಏರಿಯ ಮೇಲೆ ಓಡುತ್ತ ಮುಗ್ಗರಿಸಿ ಬಿದ್ದ ಆರು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಮೊಣಕೈ ಊದಿಕೊಂಡಿದೆ, ಮುಖ ಬಿಳಿಚಿದೆ. ನೆರೆದ ಹಿರಿಯರಲ್ಲಿ ಒಬ್ಬರು ‘ಗಂಡಸಾಗಿ ಅಳತೀ ಏನೋ?’ ಎನ್ನುತ್ತಾರೆ, ಇನ್ನೊಬ್ಬರು ‘ಏನೂ ಆಗಿಲ್ಲ, ಏಳೋ ತಮ್ಮಾ’ ಎನ್ನುತ್ತಾರೆ. ತಾಯಿ ಮಾತ್ರ ಮಾತಿಲ್ಲದೆ ಅವನ ಮುಖವನ್ನು ನೋಡುತ್ತಾಳೆ. ಮೂವರೂ ತಮ್ಮ ತಮ್ಮ ರೀತಿಯಲ್ಲಿ ಆ ನೋವನ್ನು ಅಳೆದವರೇ. ಜ್ವರಕ್ಕೆ ಜ್ವರಮಾಪಕವುಂಟು, ಭಾರಕ್ಕೆ ತಕ್ಕಡಿಯುಂಟು. ನೋವಿಗೆ ಅಂಥ ಉಪಕರಣವಿಲ್ಲದ ಕಾರಣ, ನೋಡುವವರ ಅಭಿಪ್ರಾಯವೇ ಬಹುಕಾಲ ಅಳತೆಗೋಲಾಗಿ ನಡೆದುಬಂದಿತು.

ಅದರಿಂದಾದ ಅನ್ಯಾಯ ಸಣ್ಣದಲ್ಲ. ಎಳೆಯ ಶಿಶುವಿನ ನರವ್ಯೂಹ ಇನ್ನೂ ಬಲಿತಿರುವುದಿಲ್ಲ, ಆದುದರಿಂದ ಅದಕ್ಕೆ ನೋವಿನ ಅರಿವು ಅಷ್ಟಾಗಿ ಇರದು ಎಂದು ವಿದ್ವಾಂಸರಾದ ವೈದ್ಯರೇ ನಂಬಿದ್ದರು. ೧೯೮೦ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಅನೇಕ ನವಜಾತ ಶಿಶುಗಳಿಗೆ, ಮಾಂಸಖಂಡಗಳನ್ನು ನಿಶ್ಚಲಗೊಳಿಸುವ ಔಷಧವನ್ನೂ ಅತ್ಯಲ್ಪವಾದ ಅರಿವಳಿಕೆಯನ್ನೂ ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಲುಗಾಡಲಾರದ ಕೂಸು ಅಳುವುದಾದರೂ ಹೇಗೆ? ಅಳಲಿಲ್ಲವೆಂಬುದೇ ನೋವಿಲ್ಲವೆಂಬುದಕ್ಕೆ ಸಾಕ್ಷಿಯಾಯಿತು!

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಪ್ರಮುಖರು ಇಂದೂರಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದರು. ಅವಧಿಗೆ ಮುನ್ನ ಹುಟ್ಟಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗಿದ್ದ ಹದಿನಾರು ಕೂಸುಗಳಲ್ಲಿ ಕೆಲವಕ್ಕೆ ವಾಡಿಕೆಯ ಔಷಧವನ್ನೂ, ಉಳಿದವಕ್ಕೆ ಅದರೊಡನೆ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕವನ್ನೂ ಕೊಟ್ಟು, ರಕ್ತದಲ್ಲಿ ಏರುವ ಸಂಕಟಸೂಚಕ ರಸಗಳನ್ನು ಅಳೆದರು. ನೋವುನಿವಾರಕವಿಲ್ಲದ ಕೂಸುಗಳಲ್ಲಿ ಅವು ಬಹಳ ಹೆಚ್ಚಿದುವು. ಶಸ್ತ್ರಚಿಕಿತ್ಸೆಯ ತರುವಾಯದ ತೊಡಕುಗಳೂ ಅವಕ್ಕೇ ಅಧಿಕವಾದುವು. ೧೯೮೭ರಲ್ಲಿ ಇದು ಪ್ರಕಟವಾದ ಮೇಲೆ ವೈದ್ಯಲೋಕ ಕೂಸಿನ ನೋವನ್ನು ಹಿಂದಿನಂತೆ ಅಲ್ಲಗಳೆಯಲಾರದಾಯಿತು.

ಆದರೆ ಪ್ರತಿ ಮಗುವಿನ ರಕ್ತವನ್ನೂ ಪರೀಕ್ಷಿಸುತ್ತ ಕೂರಲಾದೀತೆ? ಹಾಸಿಗೆಯ ಬಳಿ ನಿಂತ ದಾದಿಗೆ ಒದಗುವ ಅಳತೆ ಬೇಕು. ಮಾತು ಬಾರದ ಮಗುವಿಗಾಗಿ ೧೯೯೭ರಲ್ಲಿ ಮಿಷಿಗನ್ನಿನವರು ಪ್ರಕಟಿಸಿದ ಕ್ರಮವೊಂದುಂಟು. ಮುಖ, ಕಾಲು, ಮೈಯ ಚಲನೆ, ಅಳು, ಸಂತೈಸಿದರೆ ಸುಮ್ಮನಾಗುವ ಬಗೆ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಐದನೆಯದು ನಮಗೆ ಬಹಳ ಮೆಚ್ಚುಗೆಯಾಯಿತು. ಎತ್ತಿಕೊಂಡ ಕೂಡಲೆ ಸುಮ್ಮನಾಗುವ ಅಳುವಿಗೂ ತಾಯಿಯ ತೋಳಿನಲ್ಲಿಯೂ ನಿಲ್ಲದ ಅಳುವಿಗೂ ಇರುವ ಭೇದ ನಮ್ಮ ಮನೆಗಳ ಅಜ್ಜಿಯರಿಗೆ ತಿಳಿದುದೇ ಆಗಿತ್ತು.

ಮಾತು ಬಲ್ಲ ಮಗುವನ್ನಾದರೋ ಕೇಳಿಯೇ ತಿಳಿಯಬೇಕು. ೧೯೮೩ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಡೋನಾ ವಾಂಗ್, ಕಾನಿ ಬೇಕರ್ ಎಂಬ ಇಬ್ಬರು ಮಹಿಳೆಯರು ಆರು ಮುಖಗಳ ಪಟವೊಂದನ್ನು ರೂಪಿಸತೊಡಗಿದರು. ಅದರ ಮೊದಲ ಮುಖ ನಗುತ್ತದೆ, ಕೊನೆಯದು ಕಣ್ಣೀರಿಡುತ್ತದೆ. ಇಲ್ಲೊಂದು ತೊಡಕು. ನೋವಿಲ್ಲದಿದ್ದರೂ ಆಸ್ಪತ್ರೆಯಲ್ಲಿ ನಗು ಬಾರದ ಮಗು ಯಾವ ಮುಖವನ್ನು ತೋರಿಸಬೇಕು? ತೀವ್ರವಾದ ನೋವಿದ್ದೂ ಕಣ್ಣೀರು ಬಾರದ ಹುಡುಗನ ಗತಿಯೇನು? ೨೦೦೧ರಲ್ಲಿ ಪರಿಷ್ಕೃತವಾಗಿ ಬಂದ ಮತ್ತೊಂದು ಪಟದಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಸಹಜವಾದ ಮುಖವೊಂದು ಹಂತಹಂತವಾಗಿ ನೋವಿನಿಂದ ಕಿವುಚಿಕೊಳ್ಳುತ್ತದೆ. ಪಟವೂ ಬೇಡವೆಂದರೆ ನಾಲ್ಕು ಬಿಲ್ಲೆಗಳನ್ನು ಮುಂದಿಟ್ಟು, ‘ಇವು ನೋವಿನ ತುಣುಕುಗಳು, ನಿನಗೆ ಎಷ್ಟಿವೆ?’ ಎಂದು ಕೇಳುವ ಪದ್ಧತಿಯೂ ಉಂಟು. ನಮ್ಮಲ್ಲಿ ಬಿಲ್ಲೆಗಳಿಗೆ ಬದಲಾಗಿ ಹುಣಿಸೆಯ ಬೀಜಗಳನ್ನು ಇಡಬಹುದಲ್ಲವೆ ಎಂದು ನಮಗೆ ತೋರುತ್ತದೆ.

ಕೇಳುವ ಭಾಷೆಯೂ ಮುಖ್ಯ. ಧಾರವಾಡದ ಕಡೆ ‘ಬ್ಯಾನಿ’ ಎಂದರೆ ರೋಗವೂ ಹೌದು, ನೋವೂ ಹೌದು. ‘ಬ್ಯಾನಿ ಐತೇನು?’ ಎಂದು ಕೇಳಿದರೆ ಮಗು ಯಾವುದಕ್ಕೆ ಉತ್ತರ ಕೊಟ್ಟಿತೆಂದು ತಿಳಿಯುವುದು ಹೇಗೆ? ಹೊಟ್ಟೆ ‘ಕಡಿಯುತ್ತದೆ’, ತಲೆ ‘ಸಿಡಿಯುತ್ತದೆ’, ಗಾಯ ‘ಉರಿಯುತ್ತದೆ’. ಮಗುವಿನ ಬಾಯಿಂದ ಬಂದ ಆ ಮಾತನ್ನೇ ಹಿಡಿದು, ಎಷ್ಟು ಎಂದು ಕೇಳುವುದು ಲೇಸು.

ಈ ಅಂಕಗಳು ಸಕ್ಕರೆಯ ತೂಕದಂತಲ್ಲ. ಒಂದು ಮಗುವಿನ ಆರು ಇನ್ನೊಂದರ ಆರಕ್ಕೆ ಸಮವೆನ್ನಲಾಗದು. ಅದೇ ಮಗುವಿನ ಹಿಂದಿನ ಅಂಕಕ್ಕೂ ಈಗಿನದಕ್ಕೂ ಇರುವ ಅಂತರವೇ ಉಪಯುಕ್ತವಾದದ್ದು. ಬಹುದಿನ ನರಳಿದ ಮಗು ಅಳುವುದನ್ನೇ ಬಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿಬಿಡುವುದೂ ಉಂಟು. ಆಗ ನೋಡಿ ಹಾಕಿದ ಅಂಕ ಸೊನ್ನೆಯ ಸಮೀಪಕ್ಕೆ ಬಂದೀತು. ನೋವನ್ನು ಕುರಿತ ಅಂತರರಾಷ್ಟ್ರೀಯ ಸಂಘ ೨೦೨೦ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ಹೇಳಿಕೊಳ್ಳಲಾರದವನಿಗೆ ನೋವಿಲ್ಲವೆಂದು ಎಣಿಸಲಾಗದು ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿತು.

ಇದು ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ದೇಶದ ಲಸಿಕೆಯ ಕ್ರಮದಲ್ಲಿ ಆರನೆಯ ವಾರಕ್ಕೇ ಕೂಸಿಗೆ ಮೂರು ಚುಚ್ಚುಮದ್ದುಗಳುಂಟು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮೊಲೆಯೂಡಿಸುತ್ತಿರುವಾಗ ಚುಚ್ಚಿದರೆ ನೋವು ಕಡಮೆಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ತಿಳಿಸಿತು. ಕಾಸಿನ ಖರ್ಚಿಲ್ಲದ ಉಪಾಯ.

ಇನ್ನು ನಮ್ಮ ಹುಡುಗ. ಉಣಕಲ್ಲಿಗೆ ಸಮೀಪದಲ್ಲೇ, ವಿದ್ಯಾನಗರದಲ್ಲಿ, ೧೯೫೭ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆಯುಂಟು. ಅಲ್ಲಿಗಾಗಲಿ ಬೇರೊಂದೆಡೆಗಾಗಲಿ ತಾಯಿ ಅವನನ್ನು ಕರೆದೊಯ್ದಾಳು. ಕೈಗೆ ಆಧಾರಪಟ್ಟಿ ಕಟ್ಟುವ ಮೊದಲು ಅವನು ಐದನೆಯ ಮುಖವನ್ನು ತೋರಿಸಿದನೆನ್ನೋಣ. ಪಟ್ಟಿ ಕಟ್ಟಿ ಔಷಧ ಕೊಟ್ಟು ಅರ್ಧ ಗಂಟೆಯ ತರುವಾಯ ಅದೇ ಪಟವನ್ನು ಮತ್ತೆ ಮುಂದೆ ಹಿಡಿಯಬೇಕು. ಆಗಲೂ ಅವನ ಬೆರಳು ಐದನೆಯ ಮುಖದ ಮೇಲೆಯೇ ನಿಂತರೆ, ಕೊಟ್ಟ ಔಷಧ ಸಾಲದೆಂದೋ, ಕಟ್ಟಿದ ಪಟ್ಟಿ ಬಿಗಿಯಾಯಿತೆಂದೋ ವೈದ್ಯರು ಪುನಃ ನೋಡಬೇಕಾಗುತ್ತದೆ.